‘ಬೇಕಾದೀತು’ ಎನ್ನಲಾರದ ಅಂಕಿ

ಮನೆಯ ಮಾಡಿಗೆ ಎಷ್ಟು ಹೆಂಚು ಹಿಡಿದೀತು, ಒಟ್ಟು ಎಷ್ಟು ಖರ್ಚು ಬಂದೀತು ಎಂದು ಕೇಳಿದರೆ ಈಗ ಉತ್ತರ ಸಿಗುವುದು ಹೆಚ್ಚಾಗಿ ಎಕ್ಸೆಲ್ ಹಾಳೆಯಲ್ಲಿ. ಕರಾವಳಿಯ ಒಂದು ಹಳೆಯ ಹೆಂಚಿನ ಮನೆಯನ್ನು ತೆಗೆದುಕೊಳ್ಳಿ. ಹೆಂಚು ಇಳಿಸಿ, ಹಾಳಾದ ಮರ ತೆಗೆದು, ಮಳೆಗಾಲಕ್ಕೆ ಮೊದಲು ಮತ್ತೆ ಹೊದಿಸಬೇಕಾಗಿದೆ. ಗೋಡೆಯಿಂದ ಹೊರಕ್ಕೆ ಚಾಚಿದ ಸೂರನ್ನೂ ಸೇರಿಸಿ ನೆಲದ ಮೇಲಿನ ಅಳತೆ 120 ಚದರ ಮೀಟರ್. ಹಾಳೆಯಲ್ಲಿ ಸಾಲಾಗಿ ಹೆಂಚು, ನೆತ್ತಿಗೆ ಕೂರಿಸುವ ಹೆಂಚು, ಮಾಡಿನ ಇಳಿಜಾರು ತೊಲೆಯಾದ ಪಕ್ಕಾಸು, ಅದರ ಮೇಲಿನ ಅಡ್ಡಪಟ್ಟಿಯಾದ ರೀಪು, ಮೊಳೆ, ಸಾಗಾಟ, ಮಜೂರಿ. ಪ್ರತಿಯೊಂದಕ್ಕೂ ಪ್ರಮಾಣ, ದರ, ಮೊತ್ತ. ಕೆಳಗೆ ದಪ್ಪಕ್ಷರದಲ್ಲಿ ಒಟ್ಟು 4,37,862 ರೂಪಾಯಿ 45 ಪೈಸೆ ಎಂದು ಬಂದಿದೆ ಎಂದಿಟ್ಟುಕೊಳ್ಳೋಣ. ಈ ಮಾತು ಸತ್ಯವೇ? ಇನ್ನೂ ಏಳದ ಮಾಡಿನ ಬಗ್ಗೆ, ಇನ್ನೂ ಕೊಳ್ಳದ ಹೆಂಚಿನ ಬಗ್ಗೆ ಆಡಿದ ಮಾತಿಗೆ ಸತ್ಯ, ಸುಳ್ಳು ಎಂಬ ಗುಣ ಇರುವುದಾದರೂ ಉಂಟೇ? ಕೇಳಲು ಇದು ಲೆಕ್ಕಪತ್ರದ ಪ್ರಶ್ನೆಯಂತಿದೆ. ಆದರೆ ನಮ್ಮ ದರ್ಶನಕಾರರು ಪ್ರಮಾಣ, ಅಂದರೆ ಸರಿಯಾದ ಅರಿವಿನ ಸಾಧನ, ಎಂದರೇನು, ನೋಡದ್ದನ್ನು ತಿಳಿಯುವುದು ಹೇಗೆ ಎಂದು ಶತಮಾನಗಟ್ಟಲೆ ವಾದಿಸಿದ ಪ್ರಶ್ನೆಯೂ ಇದೇ. ಅಂದಾಜು ಸತ್ಯವೋ ಅಲ್ಲವೋ ಎಂಬುದು ಕೊನೆಯ ಬಿಲ್ಲಿನೊಂದಿಗೆ ತಾಳೆ ನೋಡಿದಾಗ ತೀರ್ಮಾನವಾಗುವುದಿಲ್ಲ, ಬರೆದ ದಿನವೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ. ತಾನು ಯಾವುದರ ಮೇಲೆ ನಿಂತಿದ್ದೇನೆ ಎಂದು ತೋರಿಸಿದ ಅಂದಾಜು ಸತ್ಯ. ಅದನ್ನು ಮುಚ್ಚಿಟ್ಟ ಅಂದಾಜು, ಬಿಲ್ಲು ಪೈಸೆಗೆ ಪೈಸೆ ಸರಿಹೋದರೂ, ಸತ್ಯವಲ್ಲ.

ಲೆಕ್ಕದ ಒಳಗೆ ಹೊಕ್ಕು ನೋಡಬೇಕು. ಮಂಗಳೂರು ಹೆಂಚು 19ನೆಯ ಶತಮಾನದ 60ರ ದಶಕದಲ್ಲಿ ಬಾಸೆಲ್ ಮಿಷನ್ ನೇತ್ರಾವತಿಯ ದಂಡೆಯಲ್ಲಿ ಕಾರ್ಖಾನೆ ತೆರೆದಾಗ ಹುಟ್ಟಿದ್ದು. ಕೈಯಲ್ಲಿ ತಟ್ಟಿದ ನಾಡಹೆಂಚು ಒಂದರಂತೆ ಒಂದಿರುವುದಿಲ್ಲ. ಅಚ್ಚಿನಿಂದ ಬಂದ ಹೆಂಚುಗಳು ಒಂದೇ ತೆರನಾಗಿರುತ್ತವೆ. ಹಾಗಾಗಿಯೇ ‘ಚದರ ಮೀಟರಿಗೆ ಇಷ್ಟು’ ಎಂಬ ಮಾತು ಸಾಧ್ಯವಾಯಿತು. ರೂಢಿಯಲ್ಲಿರುವ ಒಂದು ಅಳತೆಯ ಹೆಂಚು 410 ಮಿಲಿಮೀಟರ್ ಉದ್ದ, 235 ಮಿಲಿಮೀಟರ್ ಅಗಲ. ಆದರೆ ಒಂದರ ಮೇಲೊಂದು, ಒಂದರ ಪಕ್ಕ ಒಂದು ಹತ್ತಿ ಕೂರುವುದರಿಂದ ನಿಜವಾಗಿ ಮುಚ್ಚುವುದು ಸುಮಾರು 320ಕ್ಕೆ 210ರಷ್ಟು ಜಾಗವನ್ನು ಮಾತ್ರ. ಭಾಗಿಸಿದರೆ ಚದರ ಮೀಟರಿಗೆ ಹೆಚ್ಚುಕಡಿಮೆ 15 ಹೆಂಚು. ಇನ್ನು ಮಾಡು ಇಳಿಜಾರಾಗಿರುವುದರಿಂದ ನೆಲದ ಅಳತೆಯೇ ಮಾಡಿನ ಅಳತೆಯಲ್ಲ. ನೆಲದ ಅಳತೆಯನ್ನು ಇಳಿಜಾರಿನ ಕೋನದ ಕೊಸೈನ್‌ನಿಂದ ಭಾಗಿಸಬೇಕು. 25 ಡಿಗ್ರಿ ಇಳಿಜಾರಿದ್ದರೆ 120 ಚದರ ಮೀಟರ್ 132.4 ಆಗುತ್ತದೆ, 30 ಡಿಗ್ರಿ ಇದ್ದರೆ 138.6 ಆಗುತ್ತದೆ. ಇಲ್ಲಿ ಎಕ್ಸೆಲ್‌ನಲ್ಲಿ ಒಂದು ಮಡು ಇದೆ. ಅದರ ಕೊಸೈನ್ ಸೂತ್ರ ಕೋನವನ್ನು ಡಿಗ್ರಿಯಲ್ಲಿ ಅಲ್ಲ, ರೇಡಿಯನ್‌ನಲ್ಲಿ ಓದುತ್ತದೆ. ಇದು ಗೊತ್ತಿಲ್ಲದವರು ಸುಮ್ಮನೆ 30 ಎಂದು ತುಂಬಿದರೆ ಕೊಸೈನ್ 0.154 ಎಂದು ಬರುತ್ತದೆ. ಮಾಡು ನೆಲದ ಆರೂವರೆ ಪಟ್ಟಾಗುತ್ತದೆ. ಆ ತಪ್ಪು ಕೂಗಿ ಹೇಳುವಂಥದು, ಯಾರ ಕಣ್ಣಿಗಾದರೂ ಬಿದ್ದೀತು. ಆದರೆ 25 ಎಂದು ತುಂಬಿದರೆ ಬರುವುದು 0.991. ಮಾಡು 121.1 ಚದರ ಮೀಟರ್ ಆಗುತ್ತದೆ. ನೋಡಲು ಎಷ್ಟು ಸಹಜವಾದ ಅಂಕಿ! ನೆಲಕ್ಕಿಂತ ಮಾಡು ತುಸು ದೊಡ್ಡದು, ಹಾಗೆಯೇ ತಾನೆ ಇರಬೇಕಾದ್ದು ಎಂದು ಮನಸ್ಸು ಒಪ್ಪಿಬಿಡುತ್ತದೆ. ನಿಜವಾಗಿ ಹನ್ನೊಂದು ಚದರ ಮೀಟರಿನಷ್ಟು ಕಡಿಮೆ, ಅಂದರೆ 170 ಹೆಂಚು ಕಡಿಮೆ. ಮೇ ತಿಂಗಳ ಕೊನೆಯಲ್ಲಿ, ಮೋಡ ಕಟ್ಟುವ ಹೊತ್ತಿಗೆ, ಒಂದು ಮೂಲೆ ತೆರೆದು ನಿಂತಾಗ ಆ ತಪ್ಪು ತಿಳಿಯುತ್ತದೆ. ಅಷ್ಟರಲ್ಲಿ ಅದೇ ಅಚ್ಚಿನ ಹೆಂಚು ಸಿಕ್ಕದೆ ಹೋಗಬಹುದು. ಬೇರೆ ಕಾರ್ಖಾನೆಯ ಹೆಂಚಿನ ಕಚ್ಚು ಇದಕ್ಕೆ ಕೂರದೆಯೂ ಇರಬಹುದು.

ಎರಡು ತಪ್ಪೂ ಒಂದೇ ಬಗೆಯವು, ಒಂದೇ ಅಜ್ಞಾನದಿಂದ ಹುಟ್ಟಿದವು. ಒಂದು ಮೈಮೇಲೆ ಬಂದಂತೆ ಕಾಣಿಸಿಕೊಳ್ಳುತ್ತದೆ, ಇನ್ನೊಂದು ಸತ್ಯದ ವೇಷ ತೊಟ್ಟು ಕುಳಿತಿರುತ್ತದೆ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇಂಥದ್ದಕ್ಕೆ ಹೇತ್ವಾಭಾಸ ಎಂಬ ಹೆಸರಿಟ್ಟರು. ಹೇತು, ಅಂದರೆ ತೀರ್ಮಾನಕ್ಕೆ ಆಧಾರ, ಅಲ್ಲ, ಆದರೆ ಹೇತುವಿನಂತೆ ತೋರುತ್ತದೆ. ಅಂದಾಜು ಎಂಬುದು ಅವರ ಭಾಷೆಯಲ್ಲಿ ಅನುಮಾನವೇ ಸರಿ. ಇವತ್ತು ನಾವು ಅನುಮಾನ ಎಂದರೆ ಸಂಶಯ ಎಂದುಕೊಳ್ಳುತ್ತೇವೆ. ಶಾಸ್ತ್ರದಲ್ಲಿ ಅದು ಪ್ರತ್ಯಕ್ಷದ ಪಕ್ಕದಲ್ಲೇ ಕೂರುವ ಒಂದು ಪ್ರಮಾಣ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ನ್ಯಾಯಸೂತ್ರದಲ್ಲಿ ಹೇಳಿದ ಮೂರು ಬಗೆಯ ಅನುಮಾನಗಳಲ್ಲಿ ಮೊದಲನೆಯದಾದ ಪೂರ್ವವತ್ ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆ, ಏರಿಬರುವ ಮೋಡವನ್ನು ಕಂಡು ಮಳೆ ಬಂದೀತೆಂದು ತಿಳಿಯುವುದು. ಕಾರಣದಿಂದ ಕಾರ್ಯಕ್ಕೆ, ಇಂದಿನಿಂದ ನಾಳೆಗೆ. ಹೆಂಚಿನ ಲೆಕ್ಕವೂ ಇದೇ ಜಾತಿಯದು. ಹಾಗಾದರೆ ಅನುಮಾನಕ್ಕೆ ಶಾಸ್ತ್ರ ಯಾವ ಪರೀಕ್ಷೆ ಒಡ್ಡುತ್ತದೆಯೋ ಅದನ್ನೇ ಹೆಂಚಿನ ಲೆಕ್ಕಕ್ಕೂ ಒಡ್ಡಬೇಕು. ಆ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಬೆಲೆಬಾಳುವಂಥದ್ದಾಗಿ ಕಾಣುವುದು ಉಪಾಧಿ ಎಂಬ ಪರಿಕಲ್ಪನೆ. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಸರಿ. ಬೆಂಕಿಯಿದ್ದಲ್ಲಿ ಹೊಗೆ ಎಂದರೆ ಸರಿಯಲ್ಲ. ಕಾದ ಕಬ್ಬಿಣದ ಉಂಡೆಯಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಹೇಳದೆ ಉಳಿದ ಆ ‘ಹಸಿ ಸೌದೆಯಾದರೆ’ ಎಂಬ ಷರತ್ತೇ ಉಪಾಧಿ. ಚದರ ಮೀಟರಿಗೆ 15 ಹೆಂಚು ಎಂಬ ಮಾತಿನ ಹಿಂದೆಯೂ ಹಸಿ ಸೌದೆ ಇದೆ: ಹೆಂಚು ಇದೇ ಅಳತೆಯದ್ದಾದರೆ, ರೀಪಿನ ಅಂತರ ಇಷ್ಟೇ ಇದ್ದರೆ, ಎರಡು ಮಾಡು ಕೂಡುವ ಮೂಲೆಗಳಲ್ಲಿ ಹೆಂಚು ಕತ್ತರಿಸಿ ಎಸೆಯಬೇಕಾಗಿ ಬಾರದಿದ್ದರೆ. ಹಾಳೆಯ ಚೌಕದಲ್ಲಿ ಕಾಣುವುದು 15 ಮಾತ್ರ.

ಇದಕ್ಕೆ ಬರುವ ಮೊದಲ ಆಕ್ಷೇಪ ಮೂಲಭೂತವಾದದ್ದು. ನಾಳೆಯದನ್ನು ಯಾರೂ ಅರಿಯರು. ದರ ಏರುತ್ತದೆ, ಲಾರಿ ಕೆಡುತ್ತದೆ, ಅಕಾಲದಲ್ಲಿ ಮಳೆ ಸುರಿಯುತ್ತದೆ. ಹೀಗಿರುವಾಗ ಅಂದಾಜಿಗೆ ಸತ್ಯದ ಭಾರ ಹೊರಿಸುವುದೇ ತಪ್ಪಲ್ಲವೇ, ಅದನ್ನು ಲೋಕವ್ಯವಹಾರಕ್ಕೆ ಬೇಕಾದ ಒಂದು ಊಹೆ ಎಂದು ಬಿಟ್ಟುಬಿಡಬಾರದೇ? ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿ, ಅಂದರೆ ಆಕ್ಷೇಪ ಎತ್ತುವವನು, ಹೂಡುವ ವಾದವೂ ಹೆಚ್ಚುಕಡಿಮೆ ಇದೇ. ಹೊಳೆ ತುಂಬಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎನ್ನುತ್ತೀರಿ, ಕೆಳಗೆ ಯಾರೋ ಕಟ್ಟ ಕಟ್ಟಿದ್ದರೂ ಹೊಳೆ ತುಂಬುತ್ತದೆ. ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ ಬಂದೀತು ಎನ್ನುತ್ತೀರಿ, ಗೂಡು ಕೆಟ್ಟರೂ ಇರುವೆ ಹಾಗೆ ಸಾಗುತ್ತದೆ. ಆದ್ದರಿಂದ ಅನುಮಾನ ಪ್ರಮಾಣವೇ ಅಲ್ಲ. ಸಿದ್ಧಾಂತಿಯ ಉತ್ತರ ನನ್ನ ವಾದದ ಬುಡಕ್ಕೆ ಬೇಕಾದದ್ದು. ಮಳೆಯಿಂದ ತುಂಬಿದ ಹೊಳೆ ಬೇರೆ, ಕಟ್ಟದಿಂದ ತುಂಬಿದ ಹೊಳೆ ಬೇರೆ ಎನ್ನುತ್ತಾನೆ ಅವನು. ಮಳೆಯ ಹೊಳೆಯಲ್ಲಿ ಸೆಳೆತವಿರುತ್ತದೆ, ನೊರೆಯಿರುತ್ತದೆ, ಎಲೆ, ಹಣ್ಣು, ಮರದ ತುಂಡು ತೇಲಿಬರುತ್ತವೆ. ಅದನ್ನು ನೋಡದೆ ಬರಿಯ ತುಂಬಿದ ನೀರನ್ನು ಕಂಡು ತೀರ್ಮಾನಿಸಿದರೆ ಅಪರಾಧ ಅನುಮಾನಿಸಿದವನದು, ಅನುಮಾನದ್ದಲ್ಲ. ನಾಳೆ ಅರಿಯದ್ದು ಎಂಬುದು ನಿಜ. ಆದರೆ ಅಂದಾಜು ನಾಳೆಯ ಬಗ್ಗೆ ಮಾತ್ರ ಆಡುವ ಮಾತಲ್ಲ, ಇಂದು ನಾನು ಏನು ನೋಡಿದೆ, ಏನು ನೋಡಲಿಲ್ಲ ಎಂಬುದರ ಬಗೆಗಿನ ಸಾಕ್ಷಿಯೂ ಹೌದು. ಇಳಿಜಾರನ್ನು ಅಳೆದೆನೇ ಅಥವಾ ಪಕ್ಕದ ಮನೆಯಂತೆಯೇ ಇದ್ದೀತು ಎಂದುಕೊಂಡೆನೇ? ಹೆಂಚಿನ ದರ ಅಂಗಡಿಯಲ್ಲಿ ಕೇಳಿದ್ದೇ ಅಥವಾ ಕಳೆದ ವರ್ಷದ ಹಾಳೆಯಿಂದ ಹಾಗೇ ಉಳಿದುಬಂದದ್ದೇ? ಇವು ನಾಳೆಯ ಪ್ರಶ್ನೆಗಳಲ್ಲ. ಇವುಗಳಿಗೆ ಇಂದೇ ನಿಜವಾದ ಉತ್ತರವಿದೆ, ಅದನ್ನು ಹೇಳುವುದು ಬಿಡುವುದು ಬರೆಯುವವರ ಕೈಯಲ್ಲಿದೆ.

ಭಾರತೀಯ ಗಣಿತಜ್ಞರಿಗೆ ಈ ಸೂಕ್ಷ್ಮ ಚೆನ್ನಾಗಿ ಗೊತ್ತಿತ್ತು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ವೃತ್ತದ ಸುತ್ತಳತೆ ತೆಗೆಯಲು ಎರಡು ದಾರಿ ಕೊಡುತ್ತಾನೆ: ವ್ಯಾಸವನ್ನು 3ರಿಂದ ಗುಣಿಸಿದರೆ ವ್ಯಾವಹಾರಿಕ, 10ರ ವರ್ಗಮೂಲದಿಂದ ಗುಣಿಸಿದರೆ ಸೂಕ್ಷ್ಮ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಜೈನ ಗಣಿತಜ್ಞ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲೂ ಇದೇ ವಿಂಗಡಣೆ ಇದೆ. ಆ ಗ್ರಂಥ ಗುಂಡಿ ತೋಡುವ, ಇಟ್ಟಿಗೆ ಪೇರಿಸುವ, ಮರ ಕೊಯ್ಯುವ ಲೆಕ್ಕಗಳನ್ನೂ ಹೇಳಿಕೊಡುತ್ತದೆ. ಅಂದರೆ ಅದು ಕಟ್ಟುವವರ ಕೈಗೆ ಎಟಕುವ ಗಣಿತ. ಅಲ್ಲಿ ಒಂದು ಗುಂಡಿಯ ಘನಫಲಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಕೊಟ್ಟು, ಯಾವುದು ಒರಟು, ಯಾವುದು ಸೂಕ್ಷ್ಮ ಎಂದು ಹೆಸರಿಸಿ ಹೇಳುತ್ತಾರೆ. ಒರಟು ಲೆಕ್ಕಕ್ಕೆ ಅವರು ನಾಚಿದವರಲ್ಲ. ಒರಟು ಲೆಕ್ಕವನ್ನು ಸೂಕ್ಷ್ಮವೆಂದು ದಾಟಿಸಲಿಲ್ಲ, ಅಷ್ಟೆ. ಇನ್ನೂ ಹಿಂದೆ, 499ರಲ್ಲಿ, ಆರ್ಯಭಟ ವ್ಯಾಸ ಸುತ್ತಳತೆಗಳ ಅನುಪಾತವನ್ನು 20,000ಕ್ಕೆ 62,832 ಎಂದು ಹೇಳಿದ. ನಾಲ್ಕು ದಶಮಾಂಶ ಸ್ಥಾನಗಳವರೆಗೆ ಸರಿಯಾದ ಅಂಕಿ ಅದು, 3.1416. ಅಷ್ಟು ಹತ್ತಿರ ಹೋದವನು ಆ ಅಂಕಿಯ ಪಕ್ಕದಲ್ಲಿ ಒಂದು ಪದ ಇಟ್ಟ: ಆಸನ್ನ. ಸಮೀಪದ್ದು ಎಂದರ್ಥ. ಶತಮಾನಗಳ ಅನಂತರ ಕೇರಳದ ನೀಲಕಂಠ ಸೋಮಯಾಜಿ, ನಿಜವಾದ ಬೆಲೆಯನ್ನು ಬಿಟ್ಟು ಆಸನ್ನ ಬೆಲೆಯನ್ನೇ ಏಕೆ ಹೇಳಿದ ಎಂದು ಕೇಳಿಕೊಂಡು ಅದಕ್ಕೆ ಉತ್ತರ ಬರೆದ. ಆ ಒಂದು ಪದ ಅಷ್ಟು ಭಾರದ್ದು. ಈಗ ನಮ್ಮ ಹಾಳೆಯ ಒಟ್ಟು ಮೊತ್ತದ ಬಾಲದಲ್ಲಿದ್ದ ಆ 45 ಪೈಸೆಯನ್ನು ನೋಡಿ. ನಮ್ಮ 120 ಚದರ ಮೀಟರಿನ ಮನೆಗೆ ಇಳಿಜಾರು 25 ಡಿಗ್ರಿ, ಚದರ ಮೀಟರಿಗೆ 14 ಹೆಂಚು, ಒಡೆಯುವುದು ಶೇ. 3 ಎಂದಿಟ್ಟುಕೊಂಡರೆ 1,909 ಹೆಂಚು ಬೇಕು. ಇಳಿಜಾರು 30, ಹೆಂಚು 16, ಒಡೆಯುವುದು ಶೇ. 10 ಎಂದರೆ 2,439. ಯಾವ ಊಹೆಯೂ ಅತಿರೇಕದ್ದಲ್ಲ. ಐನೂರಕ್ಕೂ ಹೆಚ್ಚು ಹೆಂಚುಗಳ ಈ ಅಂತರದ ಮೇಲೆ ಕೂತ ಅಂಕಿ ಪೈಸೆಯ ನಿಖರತೆಯನ್ನು ಹೇಳಿಕೊಳ್ಳುವಾಗ, ಅದರ ಪಕ್ಕದಲ್ಲಿ ಆಸನ್ನ ಎಂಬ ಪದವಿಲ್ಲದಿರುವಾಗ, ಅದು ಬರಿಯ ಅಲಂಕಾರದ ದೋಷವಲ್ಲ. ತಾನು ತಿಳಿದದ್ದಕ್ಕಿಂತ ಹೆಚ್ಚು ತಿಳಿದಿದ್ದೇನೆ ಎಂದು ಅದು ಹೇಳುತ್ತಿದೆ.

ನಮ್ಮ ನುಡಿಯಲ್ಲೂ ಆಸನ್ನ ಎಂಬ ಪದಕ್ಕೆ ಸಮನಾದದ್ದು ಒಂದಿದೆ. ಕನ್ನಡ ವ್ಯಾಕರಣ ಅದಕ್ಕೆ ಸಂಭಾವನಾರ್ಥಕ ಎಂದು ಹೆಸರಿಟ್ಟಿದೆ: ಆದೀತು, ಬಂದೀತು, ಹಿಡಿದೀತು. ಮಾಡನ್ನು ಒಂದು ಸುತ್ತು ನೋಡಿಬಂದ ಮೇಸ್ತ್ರಿ ‘ಎರಡು ಸಾವಿರ ಹೆಂಚು ಬೇಕಾದೀತು’ ಎನ್ನುತ್ತಾರೆ, ‘ಬೇಕು’ ಎನ್ನುವುದಿಲ್ಲ. ಆ ಕ್ರಿಯಾಪದದ ಬಾಲದಲ್ಲೇ ಷರತ್ತು ಇದೆ, ವಿನಯ ಇದೆ, ತಪ್ಪಿದರೆ ಮತ್ತೆ ಮಾತಾಡೋಣ ಎಂಬ ಆಹ್ವಾನವೂ ಇದೆ. ಎಕ್ಸೆಲ್ ಚೌಕಕ್ಕೆ ಈ ಕ್ರಿಯಾರೂಪ ಗೊತ್ತಿಲ್ಲ. ಟೇಪು ಹಿಡಿದು ಅಳೆದ 120, ರೂಢಿಯಿಂದ ಬಂದ 15, ಊಹೆಯಿಂದ ಹಾಕಿದ 1.05 ಮೂರೂ ಅದರಲ್ಲಿ ಒಂದೇ ಅಕ್ಷರದಲ್ಲಿ, ಒಂದೇ ಗಾತ್ರದಲ್ಲಿ, ಒಂದೇ ಧ್ವನಿಯಲ್ಲಿ ನಿಲ್ಲುತ್ತವೆ. ವಿಸ್ತೀರ್ಣ ಗುಣಿಲೆ 15 ಗುಣಿಲೆ 1.05 ಎಂದು ಸೂತ್ರ ಬರೆದುಬಿಟ್ಟರೆ ಕೊನೆಯ ಆ 1.05, ಅಂದರೆ ನೂರಕ್ಕೆ ಐದು ಹೆಂಚು ಒಡೆದೀತು ಎಂಬ ಒಬ್ಬ ಮನುಷ್ಯನ ಅಭಿಪ್ರಾಯ, ಗಣಿತದ ಹೊಟ್ಟೆಯೊಳಗೆ ಹೋಗಿ ಗಣಿತವೇ ಆಗಿಬಿಡುತ್ತದೆ. ಆಮೇಲೆ ಅದನ್ನು ಪ್ರಶ್ನಿಸುವವರಿಲ್ಲ.

ಇಲ್ಲಿ ಒಂದು ಬಲವಾದ ಪ್ರತಿವಾದ ಏಳುತ್ತದೆ, ಅದನ್ನು ನಾನು ಹಗುರವಾಗಿ ಕಾಣಲಾರೆ. ಮೇಸ್ತ್ರಿಯ ಲೆಕ್ಕ ಅವರ ತಲೆಯೊಳಗಿತ್ತು. ಯಾರು ಇಣುಕಿ ನೋಡಬಲ್ಲವರಾಗಿದ್ದರು? ಎಕ್ಸೆಲ್‌ನಲ್ಲಾದರೋ ಪ್ರತಿ ಚೌಕದ ಹಿಂದಿನ ಸೂತ್ರವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಇಳಿಜಾರನ್ನು 25ರಿಂದ 30ಕ್ಕೆ ಬದಲಿಸಿದರೆ ಒಟ್ಟು ಮೊತ್ತ ಕಣ್ಣೆದುರೇ ಬದಲಾಗುತ್ತದೆ. ಹೇತುವನ್ನು ತೋರಿಸಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಬೇಕೇ? ಈ ವಾದ ನಿಜ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ವಿಸಿಕ್ಯಾಲ್ಕ್ ಎಂಬ ಲೆಕ್ಕಹಾಳೆಯ ತಂತ್ರಾಂಶ ಹೊರತಂದಾಗ ಅದರ ಜೀವಾಳವೇ ಇದಾಗಿತ್ತು: ‘ಹೀಗಾದರೆ ಏನಾದೀತು’ ಎಂದು ಕೇಳಿ ಕೂಡಲೇ ಉತ್ತರ ಪಡೆಯುವುದು. ಸಂಭಾವನಾರ್ಥಕಕ್ಕಾಗಿಯೇ ಹುಟ್ಟಿದ ಸಾಧನ ಅದು ಎಂದರೂ ತಪ್ಪಾಗದು. ಆದರೆ ಮನೆಯವರ ಕೈಗೆ ಬರುವುದು ಆ ಜೀವಂತ ಹಾಳೆಯಲ್ಲ. ಬರುವುದು ಅದರ ಮುದ್ರಿತ ಪ್ರತಿ, ಇಲ್ಲವೇ ಮೊಬೈಲಿಗೆ ಕಳಿಸಿದ ಪಿಡಿಎಫ್. ಸೂತ್ರಗಳೆಲ್ಲ ಕಳಚಿ ಅಂಕಿಗಳು ಮಾತ್ರ ಉಳಿದ ಹಾಳೆ. ಹಾಳೆಯೇ ಕೈಗೆ ಸಿಕ್ಕಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ದೂರದ ಒಂದು ನಿದರ್ಶನ ಸಾಕು. ಸಾಲ ಹೆಚ್ಚಿದ ದೇಶಗಳ ಬೆಳವಣಿಗೆ ಕುಗ್ಗುತ್ತದೆ ಎಂದು 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ಪ್ರಬಂಧ ಬರೆದರು. ಹಲವು ಸರಕಾರಗಳ ಖರ್ಚು ಕಡಿತದ ಚರ್ಚೆಯಲ್ಲಿ ಅದನ್ನು ಎತ್ತಿ ಹೇಳಲಾಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಲೇಖಕರಿಂದಲೇ ಎಕ್ಸೆಲ್ ಹಾಳೆಯನ್ನು ತರಿಸಿಕೊಂಡು ತೆರೆದಾಗ, ಸರಾಸರಿ ತೆಗೆಯುವ ಸೂತ್ರ ಪಟ್ಟಿಯ ಕೊನೆಯ ಐದು ಸಾಲುಗಳನ್ನು, ಅಂದರೆ ಐದು ದೇಶಗಳನ್ನು, ಬಿಟ್ಟೇಬಿಟ್ಟಿತ್ತು. ಒಟ್ಟು ಫಲಿತಾಂಶ ಬದಲಾದದ್ದರಲ್ಲಿ ಈ ತಪ್ಪಿನ ಪಾಲು ಚಿಕ್ಕದು, ದತ್ತಾಂಶವನ್ನು ಆರಿಸಿದ ಮತ್ತು ತೂಗಿದ ಕ್ರಮದ ಪಾಲು ದೊಡ್ಡದು. ಆದರೂ ಮೂರು ವರ್ಷ ಲೋಕವೆಲ್ಲ ಓದಿದ ಪ್ರಬಂಧದಲ್ಲಿ ಯಾರಿಗೂ ಕಾಣದ್ದು ಹಾಳೆ ತೆರೆದಾಗ ಕಂಡಿತು. ಹೆಂಚಿನ ಪಟ್ಟಿಯಲ್ಲಿ ಕೊನೆಗೆ ನೆನಪಾಗಿ ಸೇರಿಸಿದ ನೆತ್ತಿಯ ಹೆಂಚಿನ ಸಾಲು ಒಟ್ಟು ಕೂಡುವ ಸೂತ್ರದ ಹೊರಗೆ ಉಳಿಯುವುದೂ ಇದೇ ಬಗೆಯ ತಪ್ಪು. ಆದ್ದರಿಂದ ಸಾಧನ ಪಾರದರ್ಶಕ ಎಂಬುದು ಉತ್ತರವಲ್ಲ. ಅದನ್ನು ಬಳಸಿದವರು ತೆರೆದು ಕೊಟ್ಟರೇ ಎಂಬುದು ಪ್ರಶ್ನೆ.

ಮನೆ ಕಟ್ಟಿಸುವವರಿಗೆ ಇದೆಲ್ಲ ಬೇಡ, ಬೇಕಾದ್ದು ಒಂದೇ ಅಂಕಿ, ಬ್ಯಾಂಕಿನವರೂ ಕೇಳುವುದು ಒಂದೇ ಅಂಕಿ ಎಂದೂ ಹೇಳುವುದುಂಟು. ಒಂದು ಅಂಕಿ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಆರ್ಯಭಟನೂ ಒಂದೇ ಅಂಕಿ ಕೊಟ್ಟ, ಆದರೆ ಅದು ಆಸನ್ನ ಎಂದು ಹೇಳಿ ಕೊಟ್ಟ. ಸಾಲ ಮಾಡಿ ಮಾಡು ಹೊದಿಸುವ ಮನೆಯವರಿಗೆ ಐವತ್ತು ಸಾವಿರ ಹೆಚ್ಚು ಬಂದೀತೇ ಎಂಬುದು ಗೊತ್ತಿದ್ದರೆ ಅವರು ಅಡುಗೆಮನೆಯ ಕೆಲಸವನ್ನು ಮುಂದಿನ ವರ್ಷಕ್ಕೆ ದೂಡಿಯಾರು, ಸೊಸೈಟಿಯ ಸಾಲ ತುಸು ಹೆಚ್ಚು ಕೇಳಿಯಾರು. ಗೊತ್ತಿಲ್ಲದಿದ್ದರೆ ಮಾಡು ಬಿಚ್ಚಿದ ಮೇಲೆ ಚಿನ್ನ ಅಡವಿಡಬೇಕಾಗುತ್ತದೆ. ಸತ್ಯವನ್ನು ಕೇಳಿಸಿಕೊಳ್ಳುವ ತಾಳ್ಮೆ ಜನರಿಗಿಲ್ಲ ಎನ್ನುವವರು ಆ ನಷ್ಟದ ಪಾಲುದಾರರಲ್ಲ.

ಹಾಗಾದರೆ ಎಲ್ಲದಕ್ಕೂ ಶೇ. 20 ಹೆಚ್ಚು ಹಾಕಿಬಿಟ್ಟರೆ ಯಾರಿಗೂ ತೊಂದರೆಯಿಲ್ಲವಲ್ಲ ಎಂಬುದು ಅನುಭವಸ್ಥರ ಉಪಾಯ. ಇದನ್ನು ಒಪ್ಪಲು ಮನಸ್ಸಾಗುತ್ತದೆ, ಏಕೆಂದರೆ ಇದು ಎಚ್ಚರಿಕೆಯಂತೆ ಕಾಣುತ್ತದೆ. ಇದನ್ನು ಯೋಚಿಸುವಾಗ ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಗೆ ಬರಬೇಕು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಆಸೆಯ ನಿಗ್ರಹದ ಪಾಠವಾಗಿ ಹೇಳುತ್ತ ಬಂದಿದ್ದೇವೆ. ಅದು ಅಳತೆಯ ಕಥೆಯೂ ಹೌದು. ಇವತ್ತಿಗೆ ಎಷ್ಟು ಬೇಕು ಎಂಬುದು ಅವಳಿಗೆ ಗೊತ್ತಿತ್ತು, ಹಾಗೆ ಗೊತ್ತಿದ್ದುದರಿಂದಲೇ ಯಾವುದು ಹೆಚ್ಚು ಎಂದು ಹೇಳಬಲ್ಲವಳಾದಳು. ಹೆಸರಿಲ್ಲದೆ ಸೇರಿಸಿದ ಶೇ. 20 ಈ ಅರಿವನ್ನೇ ಅಳಿಸುತ್ತದೆ. ಅದರಲ್ಲಿ ಒಡೆಯುವ ಹೆಂಚಿನ ಪಾಲೆಷ್ಟು, ಏರುವ ದರದ ಪಾಲೆಷ್ಟು, ಅಳೆಯದೆ ಬಿಟ್ಟ ಸೋಮಾರಿತನದ ಪಾಲೆಷ್ಟು, ಲಾಭದ ಪಾಲೆಷ್ಟು ಎಂದು ಬರೆದವರಿಗೂ ಹೇಳಲಾಗದು. ಆಕಸ್ಮಿಕ ವೆಚ್ಚ ಎಂದು ಬೇರೆಯೇ ಸಾಲು ಹಾಕಿ ಅದೇ ಮೊತ್ತವನ್ನು ತೋರಿಸಿದರೆ ಅದು ಎಚ್ಚರಿಕೆ, ಉಳಿದರೆ ಮನೆಯವರಿಗೆ ಹಿಂದಿರುಗಬೇಕಾದ ಹಣ. ಪ್ರತಿ ದರದೊಳಗೂ ಕರಗಿಸಿಬಿಟ್ಟರೆ ಅದು ಬೇರೆಯವರ ಅಂಗಳದ ಅಕ್ಕಿ.

ಹಳೆಯ ಮಾಡಿನ ವಿಷಯದಲ್ಲಿ ಪ್ರಾಮಾಣಿಕರಿಗೂ ದಾಟಲಾಗದ ಒಂದು ಗೆರೆಯಿದೆ, ಅದು ಪಕ್ಕಾಸುಗಳದ್ದು. ಕೆಳಗಿನಿಂದ ನೋಡಿದರೆ ಗಟ್ಟಿಯಾಗಿ ಕಾಣುವ ಪಕ್ಕಾಸು ಗೋಡೆಯ ಮೇಲೆ ಕೂತ ತುದಿಯಲ್ಲಿ ಗೆದ್ದಲು ತಿಂದು ಟೊಳ್ಳಾಗಿರಬಹುದು. ಬೆರಳಿನಿಂದ ಬಡಿದು ಸದ್ದು ಕೇಳಿ ಆಚಾರಿ ಕೆಲವನ್ನು ಗುರುತಿಸಿಯಾರು, ಎಲ್ಲವನ್ನೂ ಅಲ್ಲ. ಹೆಂಚು ಇಳಿದು, ರೀಪು ಕಿತ್ತು, ಮರದ ಮೇಲ್ಮೈ ಬೆಳಕಿಗೆ ಬಂದಾಗಲೇ ಅದು ಪ್ರತ್ಯಕ್ಷ, ಅಲ್ಲಿಯವರೆಗೆ ಅನುಮಾನ. ಹಾಳೆಯಲ್ಲಿ ಆ ಸಾಲನ್ನು ಖಾಲಿ ಬಿಡುವುದೂ ತಪ್ಪು, 11 ಎಂದು ತುಂಬಿ ಸುಮ್ಮನಾಗುವುದೂ ತಪ್ಪು. ಅಂಕಿಯ ಪಕ್ಕದ ಚೌಕದಲ್ಲಿ ಅಕ್ಷರ ಬರೆಯಲು ಎಕ್ಸೆಲ್ ಅಡ್ಡಿಮಾಡುವುದಿಲ್ಲ. ‘ಪಕ್ಕಾಸು 11. ಎಂಟು ಬಡಿದು ನೋಡಿದ್ದು, ಮೂರು ಊಹೆ. ಬಡಗಣ ಮೂಲೆಯ ಮಾಡಿನ ಮೇಲೆ ಹತ್ತಲಾಗಲಿಲ್ಲ. ಹೆಂಚು ಇಳಿಸಿದ ದಿನ ಮನೆಯವರನ್ನು ಕರೆದು ಮತ್ತೆ ಎಣಿಸಬೇಕು.’